ಗಡಿಯಾಚೆ ಪಿಸ್ತೂಲಿಗೆ ಪ್ರವೇಶವಿಲ್ಲ

ಅಕ್ಟೋಬರ್ 3, ಸೋಮವಾರ

ಬೆಳಿಗ್ಗೆ ರಕ್ತದೊತ್ತಡ 162/94.

ಈ ಪುಸ್ತಕ ಕೊಟ್ಟವಳು ಕ್ಲಿನಿಕ್ಕಿನ ನರ್ಸು. ದಿನಾ ಬೆಳಿಗ್ಗೆ ಎರಡು ಅಂಕಿ ಬರೆಯಬೇಕು, ಅಷ್ಟೆ. ಆದರೆ ಹಾಳೆ ಇಷ್ಟುದ್ದ ಇದೆ. ಎರಡು ಅಂಕಿ ಗೀಚಿ ಮಿಕ್ಕಿದ್ದನ್ನು ಖಾಲಿ ಬಿಡುವುದು, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನಂಥವಳಿಗೆ ದುಂದು ಅನ್ನಿಸುತ್ತದೆ. ತಂಗಿಗೆ, ಮಗಳಿಗೆ ಕಾಗದ ಬರೆದೂ ಬರೆದೂ ಕೈ ಪಳಗಿದೆ. ಇದನ್ನು ಓದುವವರು ಯಾರೂ ಇಲ್ಲ, ಹಾಗಾಗಿ ನಿಜವನ್ನೇ ಬರೆಯಬಹುದು.

ಇವತ್ತು ಇಲಿನಾಯ್‌ನಿಂದ ಮಿಸ್ಟಿ ಫೋನ್ ಮಾಡಿದ್ದಳು. ಮಗುವನ್ನು ಆಪರೇಷನ್ ಮಾಡಿಯೇ ತೆಗೆಯುತ್ತಾರಂತೆ, ನವೆಂಬರ್ ಹದಿನೆಂಟು ಎಂದು ದಿನವೂ ಗೊತ್ತಾಗಿದೆಯಂತೆ. ನನ್ನ ಮಗಳಿಗೆ ಮೂವತ್ತೆಂಟು, ಇದು ಚೊಚ್ಚಲು. "ನೀವಿಬ್ರೂ ಬರ್ಬೇಕು ಮಮ್ಮಿ. ಮದುವೆಗೆ ಡ್ಯಾಡಿ ಬೆನ್ನುನೋವು ಅಂದ್ರು, ನಾನು ನಂಬಿದ ಹಾಗೆ ಮಾಡಿದೆ. ಈ ಸಲವೂ ಬರ್ಲಿಲ್ಲ ಅಂದ್ರೆ ನಾನು ಮತ್ತೆ ಯಾವತ್ತೂ ಕರೆಯಲ್ಲ, ತಿಳ್ಕೊ." ಅವಳು ಅಳಲಿಲ್ಲ. ಅತ್ತಿದ್ದರೆ ನನಗಿಷ್ಟು ದಿಗಿಲಾಗುತ್ತಿರಲಿಲ್ಲ.

ಆರ್ವಿಲ್‌ಗೆ ಹೇಳಿದೆ. ಅವನು ಚಮಚ ಕೆಳಗಿಟ್ಟ. "ಇಲಿನಾಯ್‌ಗಾ?" ಎಂದ. ಚಂದ್ರಲೋಕಕ್ಕಾ ಎಂದು ಕೇಳಿದ ಹಾಗಿತ್ತು.

ನಲವತ್ತೇಳು ವರ್ಷದಿಂದ ಕಟ್ಟಿಕೊಂಡ ಗಂಡ. ಒಂದು ಕಾಲಕ್ಕೆ ಕಾಳು ತುಂಬಿದ ಲಾರಿಯನ್ನು ನಾಲ್ಕು ರಾಜ್ಯ ದಾಟಿಸುತ್ತಿದ್ದವನು. ಆಮೇಲೆ ಇದ್ದಕ್ಕಿದ್ದಂತೆ ಅದನ್ನು ಬಿಟ್ಟು, ಊರ ಸುತ್ತ ಕಲ್ಲಿದ್ದಲು ಸಾಗಿಸುವ ಕೆಲಸ ಹಿಡಿದ. ನಮ್ಮ ರಾಜ್ಯದ ಗಡಿಯ ಒಹಾಯೊ ಹೊಳೆ ದಾಟದೆ ಇಪ್ಪತ್ತೊಂಬತ್ತು ವರ್ಷವಾಯಿತು. ಸೊಂಟದಲ್ಲಿ ಪಿಸ್ತೂಲು ಇಲ್ಲದೆ ಚರ್ಚಿಗೂ ಬರುವುದಿಲ್ಲ, ಮೊಟ್ಟೆ ತರಲು ಕೋಳಿಗೂಡಿಗೂ ಹೋಗುವುದಿಲ್ಲ.

"ಕೋಳಿಗೂಡಲ್ಲಿ ನಿನ್ನ ಯಾರು ದೋಚ್ತಾರೆ ಮಾರಾಯ?"

"ಆ ಹುಂಜದ ನೋಟ ಸರಿ ಇಲ್ಲ ಕಣೇ."

ಹೀಗೆ ನಗಿಸಿ ತಪ್ಪಿಸಿಕೊಳ್ಳುತ್ತಾನೆ. ನಾನೇ ಕಾರು ಓಡಿಸಿಕೊಂಡು ಹೋಗೋಣವೆಂದರೆ, ಚರ್ಚು, ದಿನಸಿ ಅಂಗಡಿ, ಕ್ಲಿನಿಕ್ಕು ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ. ಲಾರಿ ಡ್ರೈವರ್ ಪಕ್ಕದಲ್ಲಿರುವಾಗ ಹೆದ್ದಾರಿ ಕಲಿಯುವ ದರ್ದು ಯಾರಿಗಿರುತ್ತದೆ?

ಅಕ್ಟೋಬರ್ 5

160/92. ಆರ್ವಿಲ್ ಉಪಾಯ ಕಂಡುಹಿಡಿದಿದ್ದಾನೆ!

ನಮ್ಮ ಕೆಂಟಕಿಯಲ್ಲಿ ಈಗ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಳ್ಳಲು ಲೈಸೆನ್ಸೇ ಬೇಕಿಲ್ಲ. ಆದರೂ ತರಗತಿಗೆ ಹೋಗಿ ಲೈಸೆನ್ಸು ಪಡೆದರೆ ಅದು ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ ಎಂದು ಕ್ಷೌರದಂಗಡಿಯ ಹೋಬರ್ಟ್ ಹೇಳಿದನಂತೆ. "ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ ಕಣೇ! ಇಲ್ಲಿ ತಗೊಂಡ್ರೆ ಅಲ್ಲೂ ನಡೆಯುತ್ತೆ. ಲೈಸೆನ್ಸ್ ಬಂತು ಅಂದ್ರೆ ನಾನು ಇಲಿನಾಯ್‌ಗೆ ಬಂದ ಹಾಗೆ."

ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಮೂರು ಶನಿವಾರ ತರಗತಿ. ಟ್ವೈಲಾ ಗೇಹಾರ್ಟ್ ಪಾಠ ಮಾಡುತ್ತಾಳೆ. ಶೆರಿಫನ ಪೊಲೀಸ್ ಕಚೇರಿಯಲ್ಲಿ ಇಪ್ಪತ್ತು ವರ್ಷ ಇದ್ದು ನಿವೃತ್ತಳಾದವಳು. ಆರ್ವಿಲ್ ನನ್ನ ಹೆಸರನ್ನೂ ಬರೆಸಿ ಬಂದಿದ್ದಾನೆ.

"ನನಗ್ಯಾಕೆ?"

"ಒಬ್ನೇ ಕೂತ್ರೆ ನಿದ್ದೆ ಬರುತ್ತೆ."

ಹೋಗಲಿ. ಮಗುವಿನ ಹಳದಿ ಕಂಬಳಿ ಅರ್ಧ ಆಗಿದೆ. ಪಾಠ ನಡೆಯುವಾಗ ಹೆಣೆಯುತ್ತ ಕೂರುತ್ತೇನೆ.

ಅಕ್ಟೋಬರ್ 8, ಶನಿವಾರ

ಬೆಳಿಗ್ಗೆ 158. ಕೆಳಗಿನ ಅಂಕಿ ಮರೆತೆ.

ಹೋಬರ್ಟನೂ ಸೇರಿ ನಾವು ಒಂಬತ್ತು ಮಂದಿ. ಆರ್ವಿಲ್ ಮೊದಲ ಸಾಲಿನಲ್ಲಿ ಕೂತ, ತಾನೇ ಪಾಠ ಮಾಡಬಲ್ಲವನ ಹಾಗೆ. ಟ್ವೈಲಾ ಎತ್ತರದ ಹೆಂಗಸು, ಮಾತು ಕಡಿಮೆ, ನಗುವುದು ಇನ್ನೂ ಕಡಿಮೆ. ಮೊದಲು ನಾಲ್ಕು ಸೂತ್ರ ಬರೆಸಿದಳು. ಪ್ರತಿ ಪಿಸ್ತೂಲಿನಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ನಾಶವಾಗಬಾರದ್ದರ ಕಡೆ ಮೂತಿ ತಿರುಗಿಸಬಾರದು. ಗುರಿ ನೋಡುವ ತನಕ ಬೆರಳು ಟ್ರಿಗರ್ ಮುಟ್ಟಬಾರದು. ಗುರಿಯ ಹಿಂದೆ ಏನಿದೆ ಎಂದು ತಿಳಿದಿರಬೇಕು. ನಾನು ಬಿಸಿ ಎಣ್ಣೆಯ ಬಾಣಲೆಯನ್ನು ಹಿಡಿಯುವುದೂ ಹೆಚ್ಚುಕಡಿಮೆ ಹೀಗೇ.

ಆಮೇಲೆ ಪಿಸ್ತೂಲು ಒಯ್ಯಬಾರದ ಜಾಗಗಳ ಪಟ್ಟಿ. ನ್ಯಾಯಾಲಯ. ಪೊಲೀಸ್ ಠಾಣೆ. ಶಾಲೆ. ಹೆಂಡ ಕುಡಿಸುವ ಕಟ್ಟೆ. ಆರ್ವಿಲ್ ಪ್ರತಿಯೊಂದಕ್ಕೂ ದೊಡ್ಡದಾಗಿ ತಲೆಯಾಡಿಸುತ್ತಿದ್ದ.

"ಅಂಚೆ ಕಚೇರಿ," ಎಂದಳು ಟ್ವೈಲಾ. "ಒಳಗಷ್ಟೇ ಅಲ್ಲ, ಅದರ ಮುಂದಿನ ಪಾರ್ಕಿಂಗ್ ಜಾಗವೂ. ಅದು ವಾಷಿಂಗ್ಟನ್ನಿನ ಕಾನೂನು, ಇಡೀ ದೇಶಕ್ಕೆ ಒಂದೇ. ನಮ್ಮ ರಾಜ್ಯದ ಲೈಸೆನ್ಸು ಅಲ್ಲಿ ಲೆಕ್ಕಕ್ಕಿಲ್ಲ."

  

ಆರ್ವಿಲ್‌ನ ತಲೆ ಆಡುವುದು ನಿಂತಿತು. ಕಿವಿ ಬೀಟ್‌ರೂಟಿನಷ್ಟು ಕೆಂಪಾಯಿತು. ನಮ್ಮ ಟಪಾಲು ಮನೆಗೆ ಬರುವುದಿಲ್ಲ, ಅಂಚೆ ಕಚೇರಿಯ ಪೆಟ್ಟಿಗೆಗೆ ಬರುತ್ತದೆ. ಅದನ್ನು ತರಲು ಈ ಮನುಷ್ಯ ವರ್ಷಗಟ್ಟಲೆಯಿಂದ, ಭಾನುವಾರ ಬಿಟ್ಟು ದಿನಾ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಹೋಗಿದ್ದಾನೆ.

"ಯಾರಾದ್ರೂ ಹಾಗೆ ಹೋಗಿದ್ದೀರಾ?" ಎಂದು ಟ್ವೈಲಾ ಕೇಳಿದಳು.

ಐದು ಜನ ಚಾವಣಿ ನೋಡಿದರು. ಹೋಬರ್ಟ್ ತನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದ. ಟ್ವೈಲಾ ಪಟ್ಟಿಯ ಹಾಳೆ ಮಗುಚಿ, "ನಾನು ನಿವೃತ್ತಳು. ನನಗೇನೂ ಕಾಣಿಸ್ತಿಲ್ಲ," ಎಂದಳು.

ಕೊನೆಗೆ ಆರ್ವಿಲ್ ಕೈಯೆತ್ತಿದ. "ನಮ್ಮ ಲೈಸೆನ್ಸು ಇಲಿನಾಯ್‌ನಲ್ಲಿ..."

"ನಡೆಯಲ್ಲ, ಆರ್ವಿಲ್ ಅವರೇ. ಬೇರೆ ಬಹಳ ರಾಜ್ಯಗಳು ಒಪ್ತವೆ, ಅವರು ಒಪ್ಪಲ್ಲ. ಅಲ್ಲಿ ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡೋ ಹಾಗಿಲ್ಲ. ಗುಂಡು ತೆಗೆದು, ಪೆಟ್ಟಿಗೇಲಿಟ್ಟು, ಬೀಗ ಹಾಕಿ, ಕಾರಿನ ಡಿಕ್ಕಿಗೆ ಹಾಕಿ. ಅದೇ ಕ್ಷೇಮ."

"ಡಿಕ್ಕಿಯೊಳಗಿದ್ರೆ ಅದ್ಯಾತಕ್ಕೆ ಬಂತು?"

"ನಿಮ್ಮ ಹಾಗೆ ಅದೂ ಊರು ನೋಡುತ್ತೆ," ಎಂದ ಹೋಬರ್ಟ್.



ಅಕ್ಟೋಬರ್ 10

161/95. ಆರ್ವಿಲ್ ಇಲಿನಾಯ್‌ಗೆ ಬರುವುದಿಲ್ಲವಂತೆ.

ಟಪಾಲು ತರುವ ಕೆಲಸ ಈಗ ನನ್ನದು. ಆರ್ವಿಲ್ ತನ್ನ ಪಿಕಪ್ ಗಾಡಿಯನ್ನು ರಸ್ತೆಯಾಚೆ ಟೈರಿನ ಅಂಗಡಿ ಮುಂದೆ ನಿಲ್ಲಿಸಿಕೊಂಡು, ನಾನು ಒಳಗೆ ಹೋಗಿ ಬರುವ ತನಕ ಕತ್ತು ಉದ್ದ ಮಾಡಿ ನೋಡುತ್ತಿರುತ್ತಾನೆ. ಅಂಚೆ ಕಚೇರಿಯ ಹುಡುಗಿ ಕೇಳಿದಳು, "ಆರ್ವಿಲ್ ಅಂಕಲ್‌ಗೆ ಹುಷಾರಿಲ್ವಾ?" ಕಾನೂನು ಕಲಿಯುತ್ತಿದ್ದಾನೆ ಎಂದೆ.

ಅಕ್ಟೋಬರ್ 12

159/90. ಮಿಸ್ಟಿ ಮತ್ತೆ ಫೋನ್ ಮಾಡಿದಳು. "ಡ್ಯಾಡಿ ಏನಂದ್ರು?" ತಯಾರಿ ಮಾಡಿಕೊಳ್ಳುತ್ತಿದ್ದಾರೆ ಎಂದು ಸುಳ್ಳು ಹೇಳಿದೆ. ಫೋನಿಟ್ಟ ಮೇಲೆ ಅರ್ಧ ಸುಳ್ಳು ಅಷ್ಟೆ ಎಂದು ಸಮಾಧಾನ ಮಾಡಿಕೊಂಡೆ. ತರಗತಿಯನ್ನಂತೂ ಬಿಟ್ಟಿಲ್ಲವಲ್ಲ.

ಮನೆಯಲ್ಲಿ ಅಭ್ಯಾಸ ಮಾಡಲು ಟ್ವೈಲಾ ಎಲ್ಲರಿಗೂ ಒಂದೊಂದು ನೀಲಿ ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟಿದ್ದಾಳೆ. ಅದಕ್ಕೆ ಗುಂಡು ಹಾಕಲು ಬರುವುದಿಲ್ಲ. ಆರ್ವಿಲ್ ತನ್ನದನ್ನು ಮುಟ್ಟಲಿಲ್ಲ, "ನಾನೇನು ಮಗುವಾ?" ಎಂದ. ಅವನ ಅಭ್ಯಾಸವೇ ಬೇರೆ. ದಿನಾ ಸಂಜೆ ಗುಂಡು ತೆಗೆದಿಟ್ಟು, ಟಿವಿಯಲ್ಲಿ ಸುದ್ದಿ ಓದುವವನಿಗೆ ಗುರಿಯಿಟ್ಟು ಕಟ್ ಕಟ್ ಎನ್ನಿಸುತ್ತಾನೆ. ನನಗದು ಗೋಡೆ ಗಡಿಯಾರದ ಸದ್ದಿನ ಹಾಗೆ ಆಗಿಹೋಗಿದೆ.

ನಾನು ಮಾತ್ರ ಅಡುಗೆಮನೆಯಲ್ಲಿ ಏಪ್ರನ್ನಿನ ಕೆಳಗಿನಿಂದ ಪ್ಲಾಸ್ಟಿಕ್ ಪಿಸ್ತೂಲು ತೆಗೆಯುವುದು, ಎರಡು ಕೈಯಲ್ಲಿ ಹಿಡಿಯುವುದು, ಕ್ಯಾಲೆಂಡರಿನ ಕುಂಬಳಕಾಯಿಯನ್ನು ನೋಡುವುದು, ಹೀಗೆ ಮೂವತ್ತು ಸಲ ಮಾಡಿದೆ. ಕಾಳಿನ ಸಾರು ಉಕ್ಕಿ ಒಲೆಯೆಲ್ಲ ಹಾಳಾಯಿತು. ಬೇಜಾರೇನೂ ಆಗಲಿಲ್ಲ.

ಅಕ್ಟೋಬರ್ 15, ಶನಿವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ಚಳಿಗಾಲದ ಕೋಟು ತೊಟ್ಟೇ ಬರಬೇಕೆಂದು ಟ್ವೈಲಾ ಹೇಳಿದ್ದಳು. ಕೋಟಿನೊಳಗಿಂದ ನೀಲಿ ಪಿಸ್ತೂಲು ತೆಗೆಯುವುದೇ ಇವತ್ತಿನ ಪಾಠ. "ಬೇಸಿಗೆಯ ಅಂಗಿಯಲ್ಲಿ ಎಲ್ಲರೂ ಶೂರರೇ," ಎಂದಳು. ನಾನು ಮೊದಲೇ ಗುಂಡಿ ಬಿಚ್ಚಿಟ್ಟುಕೊಂಡಿದ್ದೆ. ಬಲಗೈಯಲ್ಲಿ ಕೋಟಿನ ಅಂಚು ಸರಿಸಿ ತೆಗೆದೆ. "ಚೆನ್ನಾಯ್ತು ವೆಲ್ಡಾ ಅಮ್ಮ," ಎಂದಳು.

ಆರ್ವಿಲ್‌ನ ಸರದಿ ಬಂತು. ಕತ್ತಿನವರೆಗೂ ಜಿಪ್ಪು ಎಳೆದ ಕಂದು ಕೋಟು. ಟ್ವೈಲಾ ಸೀಟಿ ಊದಿದಳು. ಜಿಪ್ಪು ಎದೆಯ ತನಕ ಇಳಿಯಿತು, ಬಟ್ಟೆ ಕಚ್ಚಿಕೊಂಡು ನಿಂತಿತು. ಎಳೆದ. ಮೇಲೂ ಇಲ್ಲ, ಕೆಳಗೂ ಇಲ್ಲ. ಎರಡು ಕೈಯಲ್ಲೂ ಎಳೆದ.

"ಲೋ ಆರ್ವಿಲ್," ಹೋಬರ್ಟ್ ಹಿಂದಿನಿಂದ ಕೂಗಿದ, "ಕಳ್ಳನಿಗೆ ಕುರ್ಚಿ ಹಾಕಿ ಕಾಫಿ ಕೊಡೋ! ಪಾಪ, ಎಷ್ಟೊತ್ತು ನಿಂತ್ಕೊಂಡಿರ್ತಾನೆ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆರ್ವಿಲ್ ನಗಲಿಲ್ಲ. ಮುಖ ಹಿಟ್ಟಿನ ಹಾಗೆ ಬಿಳುಚಿಕೊಂಡಿತು. ನೀಲಿ ಪಿಸ್ತೂಲು ಕೋಟಿನೊಳಗೇ ಇದ್ದಂತೆ ಸರಸರ ಹೊರಗೆ ಹೋದ.

ಹೋಗಿ ನೋಡಿದರೆ ಪಿಕಪ್ಪಿನಲ್ಲಿ ಕೂತಿದ್ದಾನೆ. ಸ್ಟೀರಿಂಗ್ ಹಿಡಿದುಕೊಂಡಿದ್ದಾನೆ, ಗಾಡಿ ಚಾಲೂ ಮಾಡಿಲ್ಲ. ಪಕ್ಕದಲ್ಲಿ ಹತ್ತಿ ಕೂತೆ.

"ಹೋಬರ್ಟನ ಬಾಯಿ ನಿನಗೆ ಗೊತ್ತಿಲ್ವಾ?"

"ಹೋಬರ್ಟ್ ಅಲ್ಲ," ಎಂದ. ಕೋಟಿನ ಎದೆ ಮುಟ್ಟಿ, "ಜಿಪ್ಪು," ಎಂದ.

ತೊಂಬತ್ಮೂರರ ಜನವರಿಯಂತೆ. ಇಲಿನಾಯ್‌ನ ಹೆದ್ದಾರಿಯ ಬದಿ, ಲಾರಿಯವರು ಇಳಿದು ಕಾಲು ಚಾಚುವ ತಂಗುದಾಣ. ಹಾಡಹಗಲು. ಟೈ ಕಟ್ಟಿದ, ಚೊಕ್ಕವಾಗಿ ಕ್ಷೌರ ಮಾಡಿಕೊಂಡ ಒಬ್ಬ ಬಂದು ಗಂಟೆ ಎಷ್ಟು ಎಂದು ಕೇಳಿದ. ಭಾನುವಾರದ ಪಾಠಶಾಲೆಯ ಮೇಷ್ಟ್ರ ಹಾಗಿದ್ದನಂತೆ. ಆರ್ವಿಲ್ ವಾಚು ನೋಡಿ ತಲೆಯೆತ್ತುವಷ್ಟರಲ್ಲಿ ಅವನ ಕೈಯಲ್ಲಿ ಪಿಸ್ತೂಲಿತ್ತು. ಆರ್ವಿಲ್‌ನ ಹತ್ತಿರವೂ ಇತ್ತು, ಕೋಟಿನೊಳಗೆ. ಜಿಪ್ಪಿಗೆ ಕೈ ಹಾಕಿದ. ಕಚ್ಚಿಕೊಂಡಿತು.

"ನಾನು ಪರ್ಸು ತೆಗೀತಿದೀನಿ ಅಂತ ಅವ್ನು ತಿಳ್ಕೊಂಡ ಕಣೇ. 'ನಿಧಾನ ಯಜಮಾನ್ರೇ, ಅವಸರ ಏನಿಲ್ಲ' ಅಂದ. ಆಮೇಲೆ..." ಆರ್ವಿಲ್ ಕಿಟಕಿಯ ಕಡೆ ತಿರುಗಿದ. "ಆಮೇಲೆ ಅವನೇ ಒಂದ್ ಕೈಯಲ್ಲಿ ಜಿಪ್ಪು ಬಿಚ್ಚಿಕೊಟ್ಟ."

"ಏನು?"

"ಬಿಚ್ಚಿಕೊಟ್ಟ. ಚಿಕ್ಕ ಮಗೂಗೆ ಬಿಚ್ಚೋ ಹಾಗೆ. ನನ್ನ ಪಿಸ್ತೂಲು ಕಾಣಿಸ್ತು. ಅದನ್ನೂ ತಗೊಂಡ, ಪರ್ಸೂ ತಗೊಂಡ, ಉಂಗುರಾನೂ. ಹೋಗ್ತಾ ಥ್ಯಾಂಕ್ಸ್ ಅಂದ."

ಪೊಲೀಸರಿಗೆ ಹೇಳುವ ಹಾಗಿರಲಿಲ್ಲವಂತೆ. ಅಲ್ಲಿ ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡದ್ದೇ ಮೊದಲ ತಪ್ಪು. ಮದುವೆಯ ಉಂಗುರ ಕಾಳು ಸುರಿಯುವಾಗ ಜಾರಿಬಿತ್ತು ಎಂದು ನನಗೆ ಹೇಳಿದ್ದ. ಇಷ್ಟು ವರ್ಷ ನಾನು, ಆ ಕಾಳು ತಿಂದ ಯಾವುದೋ ಊರಿನ ಹಂದಿಯ ಹೊಟ್ಟೆಯೊಳಗೆ ನನ್ನ ಮದುವೆ ಇದೆ ಎಂದುಕೊಂಡಿದ್ದೆ. ಹಾಗೆಂದು ಅವನಿಗೂ ಹೇಳಿದೆ. ಹೇಳುತ್ತ ಹೇಳುತ್ತ ನಗು ಬಂದುಬಿಟ್ಟಿತು, ತಡೆಯಲಾಗಲಿಲ್ಲ. ನಗಬಾರದಿತ್ತು. ಆರ್ವಿಲ್ ನನ್ನನ್ನೇ ನೋಡಿದ, ತುಟಿ ಅದುರಿತು. ಅಳುತ್ತಾನೆ ಎಂದುಕೊಂಡೆ. ಅವನೂ ನಕ್ಕ. ಪಿಕಪ್ಪು ಅಲ್ಲಾಡುವಷ್ಟು ನಕ್ಕೆವು.

ನಗು ನಿಂತ ಮೇಲೆ ನಾನು ಹೇಳಿದೆ, "ಆ ಜಿಪ್ಪು ಸಲೀಸಾಗಿ ಬಿಚ್ಚಿದ್ರೆ ನೀನು ಇವತ್ತು ಇಲ್ಲಿ ಕೂತಿರ್ತಿರ್ಲಿಲ್ಲ. ಅವನ ಪಿಸ್ತೂಲು ಆಗಲೇ ಕೈಯಲ್ಲಿತ್ತು."

"ಅದು ಗೊತ್ತು. ಆದ್ರೂ ಹಾಗೆ ಕೈ ಇಳಿಬಿಟ್ಕೊಂಡು ನಿಂತಿದ್ನಲ್ಲ ವೆಲ್ಡಾ. ಆ ಥರ ಇನ್ನೊಂದ್ ಸಲ ನಿಲ್ಲೋಕೆ ನನ್ನಿಂದಾಗಲ್ಲ."

ನಾವು ವಾಪಸ್ ಒಳಗೆ ಹೋದೆವು. ಅವನ ಕೋಟಿನ ಜಿಪ್ಪಿಗೆ ನಾನೇ ಮೇಣ ಉಜ್ಜಿದೆ.

ಅಕ್ಟೋಬರ್ 22, ಶನಿವಾರ

ಅಂಕಿ ತೆಗೆದುಕೊಳ್ಳಲು ಪುರುಸೊತ್ತಾಗಲಿಲ್ಲ. ಇವತ್ತು ಪರೀಕ್ಷೆ.

ಬೆಳಿಗ್ಗೆ ಕಾನೂನು. ಯಾವಾಗ ಗುಂಡು ಹಾರಿಸಬಹುದು ಎಂಬುದು ಎರಡೇ ಸಾಲು. ಹಾರಿಸಿದ ಮೇಲೆ ಏನೇನಾಗುತ್ತದೆ ಎಂಬುದು ಎರಡು ಗಂಟೆ. ವಕೀಲರು, ಸಾಕ್ಷಿಗಳು, ಜೀವಮಾನವಿಡೀ ಹೊತ್ತು ತಿರುಗಬೇಕಾದದ್ದು. "ತಪ್ಪಿಸ್ಕೊಂಡು ಹೋಗೋಕೆ ದಾರಿ ಇದ್ರೆ ಹೋಗಿಬಿಡಿ," ಎಂದಳು ಟ್ವೈಲಾ. "ನಿಲ್ಲೋ ಹಕ್ಕು ಕಾನೂನು ಕೊಟ್ಟಿರಬಹುದು. ನಿಲ್ಲಲೇಬೇಕು ಅಂತ ಎಲ್ಲೂ ಬರೆದಿಲ್ಲ. ಪರ್ಸು ಕೊಟ್ಟು ಮನೆಗೆ ಬಂದೋರನ್ನ ನಾನು ಯಾವತ್ತೂ ಹೇಡಿ ಅಂದಿಲ್ಲ. ಅಂಥೋರ ಮನೆಗೆ ಸಾವಿನ ಸುದ್ದಿ ಹೇಳೋಕೆ ನಾನು ಟೋಪಿ ಕೈಯಲ್ಲಿ ಹಿಡ್ಕೊಂಡು ಹೋಗಿ ಬಾಗಿಲು ತಟ್ಟಬೇಕಾಗಿ ಬಂದಿಲ್ಲ, ಅಷ್ಟು ಸಾಕು."

ಆರ್ವಿಲ್ ಅದನ್ನು ಬರೆದುಕೊಂಡ. ಎರಡು ಸಲ ಗೆರೆ ಎಳೆದ.

ಮಧ್ಯಾಹ್ನ ಗುಡ್ಡದ ಮರೆಯ ಬಯಲಿಗೆ ಹೋದೆವು. ಏಳು ಗಜ ದೂರದಲ್ಲಿ ಕಾಗದದ ಮನುಷ್ಯ. ಇಪ್ಪತ್ತು ಗುಂಡಿನಲ್ಲಿ ಹನ್ನೊಂದು ತಾಗಿದರೆ ಪಾಸು. ಮೊದಲು ಟ್ವೈಲಾ ಎಲ್ಲರ ಪಿಸ್ತೂಲನ್ನೂ ಪರೀಕ್ಷಿಸಿದಳು. ಗುಂಡಿಲ್ಲವೆಂದು ಮೂರು ಸಲ ನೋಡಿ, ಮೂತಿಯನ್ನು ಆಕಾಶಕ್ಕೆ ಮಾಡಿ, ನಳಿಗೆಯೊಳಗೆ ಒಂದು ಪೆನ್ಸಿಲ್ಲನ್ನು ರಬ್ಬರಿನ ತುದಿ ಕೆಳಗಾಗಿ ಇಳಿಬಿಟ್ಟು, ಟ್ರಿಗರ್ ಒತ್ತುವುದು. ಒಳಗಿನ ಸೂಜಿ ಹೊಡೆದು ಪೆನ್ಸಿಲ್ ಮೇಲಕ್ಕೆ ಚಿಮ್ಮಬೇಕು. ಗುಂಡಿನ ಬೆನ್ನಿಗೆ ಬಡಿಯುವುದೂ ಅದೇ ಸೂಜಿಯಂತೆ. ಹೋಬರ್ಟನ ಪೆನ್ಸಿಲ್ ಅವನ ಟೋಪಿಯ ಎತ್ತರಕ್ಕೆ ಹಾರಿತು.

ಆರ್ವಿಲ್‌ನ ಪಿಸ್ತೂಲು. ಕಟ್. ಪೆನ್ಸಿಲ್ ಅಲ್ಲಾಡಲಿಲ್ಲ.

ಮತ್ತೆ. ಕಟ್.

"ಪೆನ್ಸಿಲ್‌ಗೆ ನಿದ್ದೆ," ಎಂದ ಹೋಬರ್ಟ್.

ಟ್ವೈಲಾ ಅದನ್ನು ಬಿಚ್ಚಿ, ಕನ್ನಡಕ ಹಾಕಿಕೊಂಡು ನೋಡಿದಳು. ಸೂಜಿಯ ತುದಿ ಮುರಿದಿದೆ. "ಆರ್ವಿಲ್ ಅವರೇ, ಇದ್ರಿಂದ ಕೊನೇ ಸಲ ಗುಂಡು ಹೊಡೆದಿದ್ದು ಯಾವಾಗ?"

"ಎರಡು ಸಾವಿರದ... ಒಂಬತ್ತು? ಹತ್ತು?"

"ಖಾಲಿ ಪಿಸ್ತೂಲಿನ ಟ್ರಿಗರ್ ಬಹಳ ಒತ್ತುತ್ತಿದ್ರಾ? ಹಳೇ ಮಾಡೆಲ್‌ಗೆ ಅದು ಆಗಿಬರಲ್ಲ. ತುದಿ ಸವೆದು ತುಕ್ಕು ಹಿಡಿದಿದೆ. ಇದು ಮುರಿದು ವರ್ಷಗಳೇ ಆಗಿವೆ."

ನಾನು ಟಿವಿಯ ಸುದ್ದಿ ಓದುವವನನ್ನು ನೆನೆದುಕೊಂಡೆ. 

ಟ್ವೈಲಾ ತನ್ನ ಪಿಸ್ತೂಲು ಕೊಟ್ಟಳು. ಆರ್ವಿಲ್‌ನ ಗುಂಡು ಹನ್ನೆರಡು ತಾಗಿದವು, ಪಾಸು. ನನ್ನವು ಹತ್ತೊಂಬತ್ತು. ಇಪ್ಪತ್ತನೆಯದು ಎಲ್ಲಿ ಹೋಯಿತೋ ಎಂದು ಹುಡುಕಿದರೆ, ಕಾಗದದ ಮನುಷ್ಯನ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ಹೋಬರ್ಟ್ ಬಂದು ಟೋಪಿ ತೆಗೆದು, "ವೆಲ್ಡಾ, ನಿನ್ನ ಕಾಳಿನ ಸಾರಿಗೆ ಉಪ್ಪು ಕಮ್ಮಿ ಅಂತ ಹೋದ ವಾರ ಅಂದಿದ್ನಲ್ಲ, ಆ ಮಾತು ವಾಪಸ್ ತಗೊಂಡೆ," ಎಂದ.

ಅಕ್ಟೋಬರ್ 23

ಚರ್ಚಿನಿಂದ ಬಂದ ಮೇಲೆ ಆರ್ವಿಲ್ ಊಟದ ಮೇಜಿನ ಮೇಲೆ ಪಿಸ್ತೂಲಿಟ್ಟುಕೊಂಡು ಕೂತ.

"ಅಂದ್ರೆ ಇಷ್ಟು ವರ್ಷ ನಾನು ಹೊತ್ಕೊಂಡು ತಿರುಗಿದ್ದು ಬರೀ ಕಬ್ಬಿಣ."

"ಹೂಂ."

"ಅಂಚೆ ಕಚೇರಿಗೆ. ಚರ್ಚಿಗೆ. ಸಂತೆಗೆ."

"ಕೋಳಿಗೂಡಿಗೆ. ಹುಂಜಕ್ಕೆ ತಿಳೀಲಿಲ್ಲ, ನಿನ್ನ ಪುಣ್ಯ."

ನಗಲಿಲ್ಲ. "ನನ್ನ ಹತ್ರ ಏನೂ ಇರ್ಲಿಲ್ಲ ಕಣೇ," ಎಂದ. "ಆದ್ರೂ ಏನೂ ಆಗ್ಲಿಲ್ಲ."

ಅವನಿಗೆ ಇನ್ನೊಂದು ತುಂಡು ಆಪಲ್ ಪೈ ಹಾಕಿದೆ.

ನವೆಂಬರ್ 2

ಪಿಸ್ತೂಲು ರಿಪೇರಿಗೆ ಹೋಗಿದೆ. ಅವನು ಬರುತ್ತೇನೆ ಎಂದೂ ಅನ್ನುತ್ತಿಲ್ಲ, ಇಲ್ಲ ಎಂದೂ ಅನ್ನುತ್ತಿಲ್ಲ. ಎಡಗೈಯನ್ನು ಖಾಲಿ ಸೊಂಟದ ಮೇಲಿಟ್ಟುಕೊಂಡು ಓಡಾಡುತ್ತಾನೆ, ಹಲ್ಲು ಕೀಳಿಸಿಕೊಂಡವನು ನಾಲಿಗೆಯಿಂದ ಆ ಜಾಗ ತಡವುವ ಹಾಗೆ.

ಇವತ್ತು ಕಾರು ತೆಗೆದುಕೊಂಡು ದೊಡ್ಡ ರಸ್ತೆಯಲ್ಲಿ ಲಂಡನ್ ಪಟ್ಟಣದ ತನಕ ಹೋಗಿ ಬಂದೆ. ನಮ್ಮ ಲಂಡನ್ನು, ರಾಜರ ಲಂಡನ್ನಲ್ಲ. ಲಾರಿಗಳು ಪಕ್ಕದಲ್ಲಿ ಹೋದಾಗ ಕಾರು ನಡುಗುತ್ತದೆ. ಎರಡನೆಯ ಸಲ ಅಷ್ಟು ನಡುಗಲಿಲ್ಲ. ಅಲ್ಲಿ ಒಳ್ಳೆಯ ಹಳದಿ ಉಲ್ಲನ್ ಸಿಕ್ಕಿತು.

ನವೆಂಬರ್ 6

ನಿನ್ನೆ ಲೆಕ್ಸಿಂಗ್ಟನ್ನಿಗೆ ಹೋಗಿ ಬಂದೆ. ಅಲ್ಲಿ ಒಂದು ತಿರುವಿನಲ್ಲಿ ಮೂರು ಸಲ ಸುತ್ತಿದೆ. ಎಲ್ಲರೂ ಹಾರನ್ ಹೊಡೆದರು, ನಾನೂ ಹೊಡೆದೆ.

ಬೆಳಿಗ್ಗೆ ಬಿಸ್ಕತ್ತಿಗೆ ಹಿಟ್ಟು ಕಲಸುತ್ತ ಆರ್ವಿಲ್‌ಗೆ ಹೇಳಿದೆ, "ಹದಿನಾರಕ್ಕೆ ಬೆಳಿಗ್ಗೆ ಹೊರಡ್ತೀನಿ. ಒಂಬತ್ತು ಗಂಟೆ ದಾರಿ, ಒಂದು ರಾತ್ರಿ ಇಂಡಿಯಾನದಲ್ಲಿ ತಂಗ್ತೀನಿ. ಪಕ್ಕದ ಸೀಟು ಖಾಲಿ ಇರುತ್ತೆ."

 "ನೀನು? ಒಬ್ಳೇ?" ಎಂದ. ಆ ದನಿಯಲ್ಲೇನಿತ್ತೋ, ನನಗೆ ಹಿಟ್ಟಿನ ಅಳತೆ ತಪ್ಪಿಹೋಯಿತು. ಬಿಸ್ಕತ್ತು ಗಟ್ಟಿಯಾದವು.

ನವೆಂಬರ್ 14

ರಿಪೇರಿಯವನು ಫೋನ್ ಮಾಡಿದ್ದ. ಪಿಸ್ತೂಲು ತಯಾರಾಗಿ ನಾಲ್ಕು ದಿನವಾಯಿತಂತೆ, ಆರ್ವಿಲ್‌ಗೂ ಹೇಳಿದ್ದಾನಂತೆ, ಬಂದು ಒಯ್ಯಿರಿ ಎಂದ.

ಸಂಜೆ ಆರ್ವಿಲ್ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸುತ್ತಿದ್ದ.

"ಪಿಸ್ತೂಲು ಪೆಟ್ಟಿಗೇಲಿಟ್ಟು ಡಿಕ್ಕಿಗೆ ಹಾಕ್ತೀಯಾ?" ಎಂದು ಕೇಳಿದೆ.

"ಎಲ್ಲಿ? ಆ ರಿಪೇರಿಯವನಿಗೆ ಇನ್ನೂ ಪುರುಸೊತ್ತೇ ಆಗಿಲ್ವಂತೆ," ಎಂದ, ನನ್ನ ಮುಖ ನೋಡದೆ.

"ಇತ್ತೀಚೆಗೆ ಯಾರೂ ಹೇಳಿದ ಟೈಮಿಗೆ ಕೆಲಸ ಮಾಡಲ್ಲ," ಎಂದೆ.

ನವೆಂಬರ್ 17

ಎರಡು ದಿನದ್ದನ್ನು ಸೇರಿಸಿ ಬರೆಯುತ್ತಿದ್ದೇನೆ. ನಿನ್ನೆ ಲೂಯಿವಿಲ್‌ನಲ್ಲಿ ಒಹಾಯೊ ಹೊಳೆ ದಾಟಿದೆವು. ಸೇತುವೆಯ ಉದ್ದಕ್ಕೂ ಆರ್ವಿಲ್ ತನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ತುಳಿದ.

"ಎಡಕ್ಕೆ ಬಾ. ಎಡಕ್ಕೆ! ಅವ್ನಿಗೆ ದಾರಿ ಬಿಡು. ಇಷ್ಟು ಹತ್ರ ಹೋಗ್ಬೇಡ."

"ಇನ್ನೊಂದ್ ಮಾತಾಡಿದ್ರೆ ನೀನೇ ಓಡಿಸು."

ಇವತ್ತು ಮಧ್ಯಾಹ್ನ ಇಲಿನಾಯ್‌ನೊಳಗೆ ಬಂದು ಒಂದು ಗಂಟೆಯಾಗಿರಬೇಕು, ಅವನು ಸೀಟಿನಲ್ಲಿ ಮಿಸುಕಾಡತೊಡಗಿದ. ಬೆಳಿಗ್ಗೆ ಮೂರು ಲೋಟ ಕಾಫಿ ಕುಡಿದಿದ್ದ. ಮೊದಲ ತಂಗುದಾಣ ಹೋಯಿತು, ಅವನು ಆ ಕಡೆ ಮುಖ ತಿರುಗಿಸಿದ. ಎರಡನೆಯದು ಬಂತು. ಕೇಳದೆಯೇ ಒಳಗೆ ತಿರುಗಿಸಿ ನಿಲ್ಲಿಸಿದೆ.

ಅವನು ಇಳಿಯಲಿಲ್ಲ. ಹತ್ತು ನಿಮಿಷವಾಯಿತು. ಹೊರಗೆ ಗಾಳಿ. ಲಾರಿಗಳು, ನಾಯಿಯನ್ನು ಅಡ್ಡಾಡಿಸುವ ಒಬ್ಬಳು, ಟೈ ಕಟ್ಟಿದವರು ಯಾರೂ ಇಲ್ಲ. ಅದನ್ನು ನಾನೂ ನೋಡಿಕೊಂಡೆ.

"ನಾನೂ ಬರ್ಲಾ?"

"ಗಂಡಸರ ಕಡೆಗಾ?"

"ಬಾಗಿಲ ತನಕ."

ಬೇಡವೆಂದು ತಲೆಯಲ್ಲಾಡಿಸಿದ. ಬಾಗಿಲು ತೆಗೆದು ಇಳಿದ. ಕೈ ಸೊಂಟದ ಕಡೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡು ನಡೆದ. ನಾನು ಹಿಂದಿನಿಂದ ನೋಡಿದೆ, ಬೆನ್ನು ಸ್ವಲ್ಪ ಬಾಗಿದೆ, ಯಾವಾಗ ಬಾಗಿತೋ.

ಕಾಲು ಗಂಟೆಯಾಯಿತು. ನಾನು ಇಳಿದು ಹೋಗುವುದೋ ಬಿಡುವುದೋ ಎಂದು ಬಾಗಿಲ ಹಿಡಿಕೆ ಹಿಡಿದಿದ್ದಾಗ ಹೊರಗೆ ಬಂದ. ಜೊತೆಗೆ ಅಯೋವಾದ ಟೋಪಿ ಹಾಕಿದ ಒಬ್ಬ ಧಡಿಯ. ಇಬ್ಬರೂ ಬಾಗಿಲ ಬಳಿ ನಿಂತು ಹಂದಿಗಳಿಗೆ ಜೋಳ ಹಾಕಬೇಕೋ ಸೋಯಾ ಹಾಕಬೇಕೋ ಎಂದು ಕೈ ಬೀಸಿ ಬೀಸಿ ವಾದಿಸುತ್ತಿದ್ದರು. ಹೊರಡುವಾಗ ಧಡಿಯ ಏನೋ ಕೇಳಿದ, ಆರ್ವಿಲ್ ತೋಳು ಸರಿಸಿ ಕೈಗಡಿಯಾರ ನೋಡಿ ಹೇಳಿದ.

ಎರಡು ಲೋಟ ಮಷಿನ್ ಕಾಫಿ ಹಿಡಿದು ಬಂದ. ಕೆಟ್ಟ ಕಾಫಿ. ಪೂರ್ತಿ ಕುಡಿದೆ.

ನವೆಂಬರ್ 18, ಶುಕ್ರವಾರ

ಹೆಣ್ಣು! ಏಳು ಪೌಂಡು. ಹೆಸರು ಇನ್ನೂ ಇಟ್ಟಿಲ್ಲ, ಗಂಡ ಹೆಂಡಿರ ಜಗಳ ಮುಗಿದಿಲ್ಲ.

ಮಿಸ್ಟಿ ಹಾಸಿಗೆಯಲ್ಲಿ ಒರಗಿದ್ದವಳು ಬಾಗಿಲಲ್ಲಿ ಅಪ್ಪನನ್ನು ಕಂಡಳು. "ಬೆನ್ನುನೋವು ಹೇಗಿದೆ ಡ್ಯಾಡಿ?" ಎಂದಳು. ಅಷ್ಟು ತಣ್ಣಗಿನ ದನಿ ನನ್ನ ಮಗಳದು ಎಂದು ನನಗೆ ಗೊತ್ತಿರಲಿಲ್ಲ.

ಆರ್ವಿಲ್ ಹ್ಯಾಟು ತೆಗೆದು ಕುರ್ಚಿಯಲ್ಲಿ ಕೂತ. "ಬೆನ್ನು ಚೆನ್ನಾಗೇ ಇತ್ತು ಮಗಾ. ನಿನ್ನ ಮದುವೆ ದಿನವೂ ಚೆನ್ನಾಗೇ ಇತ್ತು," ಎಂದ. ಎಲ್ಲವನ್ನೂ ಹೇಳಿದ. ಜಿಪ್ಪು ಬಿಚ್ಚಿಕೊಟ್ಟ ಕಡೆಗೆ ಬಂದಾಗ ದಾದಿ ರಕ್ತದೊತ್ತಡ ನೋಡುವುದನ್ನು ಬಿಟ್ಟು ನಿಂತು ಕೇಳಿದಳು. ಮಿಸ್ಟಿ ಹೊಲಿಗೆ ಹಿಡಿದುಕೊಂಡು, "ನಗಿಸ್ಬೇಡಿ ಡ್ಯಾಡಿ, ಹರಿದುಹೋಗುತ್ತೆ," ಎಂದು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಮದುವೆಗೆ ಬಾರದ್ದಕ್ಕೆ ಹತ್ತು ನಿಮಿಷ ಬೈದಳು. ಬೈದು ಮುಗಿಸಿ, ಮಗುವನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

ನವೆಂಬರ್ 22

ಮಿಸ್ಟಿ, ಮಗು ಮನೆಗೆ ಬಂದರು. ಅಳಿಯನಿಗೆ ಕಾರ್ಖಾನೆಯ ಕೆಲಸ, ನನಗೆ ಅಡುಗೆ, ಹಾಗಾಗಿ ಅಂಗಡಿಗೆ ಹೋಗುವುದು ಆರ್ವಿಲ್. ಬೆಳಿಗ್ಗೆ ಡಯಪರ್ ತರಲು ಹೋದವನು ಒಂದೂವರೆ ಗಂಟೆಯಾದರೂ ಬರಲಿಲ್ಲ. ಇಂಥ ದೊಡ್ಡ ಊರು, ಗುರುತಿಲ್ಲದ ಬೀದಿ. ನಾನು ಸೋಫಾದಲ್ಲಿ ಮಗುವನ್ನು ಎದೆಗೆ ಹಾಕಿಕೊಂಡು ಒರಗಿದ್ದೆ. ಗಡಿಯಾರ ನೋಡಿದ್ದು ನೆನಪಿದೆ. ಆಮೇಲೆ ನಿದ್ದೆ ಬಂದುಬಿಟ್ಟಿದೆ.

ಎಚ್ಚರವಾದಾಗ ಬಾಗಿಲಲ್ಲಿ ನಿಂತಿದ್ದ. ಅಂಗಡಿಯ ಪಕ್ಕದಲ್ಲಿ ಕ್ಷೌರದಂಗಡಿ ಇದೆಯಂತೆ, ಅಲ್ಲಿನ ಮುದುಕರಿಗೆಲ್ಲ ಮೊಮ್ಮಗಳ ಫೋಟೋ ತೋರಿಸಿ ಬಂದನಂತೆ. ಡಯಪರ್ ನೋಡಿದರೆ ವರ್ಷದ ಮಗುವಿನ ಅಳತೆ.

"ಡ್ಯಾಡಿ, ಇದ್ರಲ್ಲಿ ಇವಳಂಥ ಮೂರು ಮಕ್ಕಳು ಹಿಡಿಸ್ತವೆ," ಎಂದಳು ಮಿಸ್ಟಿ.

"ಅದಕ್ಕೇನಂತೆ, ಬದಲಾಯಿಸ್ಕೊಂಡು ಬರ್ತೀನಿ." ಕೋಟು ಇನ್ನೂ ಬಿಚ್ಚಿರಲಿಲ್ಲ. ಕೀಲಿಕೈ ತೆಗೆದುಕೊಂಡ. "ವೆಲ್ಡಾ, ನಿಂಗೇನಾದ್ರೂ ಬೇಕಾ?"

ಎರಡು ನಿಂಬೆಹಣ್ಣು ತಗೊಂಡ್ ಬಾ ಎಂದೆ. ನಿಂಬೆಹಣ್ಣು ಯಾವುದಕ್ಕೂ ಬೇಕಿರಲಿಲ್ಲ, ಇನ್ನೊಂದು ಅಂಗಡಿ ಸುತ್ತಿ ಬರಲಿ ಎಂದಷ್ಟೇ.